ಹೆಸರು ಬಿಟ್ಟು ಜಮೀನಿನ ಬೆನ್ನು ಹತ್ತಿದೆ: ಅತ್ತೆಯ ಕ್ವೇಕರ್ ಹಿರಿಯರನ್ನು ಹುಡುಕಿದ 16 ತಿಂಗಳು

ಅತ್ತೆಗೆ ಈಗ 86 ವರ್ಷ. ಕಳೆದ ವರ್ಷದ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ಪಕ್ಕದ ತಮ್ಮ ಮನೆ ಮಾರಿ ನಮ್ಮ ಜೊತೆ ಇರಲು ಬಂದರು. ಸಾಮಾನಿನ ಜೊತೆ ಒಂದು ತಗಡಿನ ಪೆಟ್ಟಿಗೆಯೂ ಬಂತು. ಅದರೊಳಗೆ ಎಂಟು ಮಡಿಕೆ ಮಾಡಿಟ್ಟ ಒಂದು ಕುರಿಚರ್ಮದ ಹಾಳೆ. ಬಿಡಿಸಿದರೆ ಅರ್ಧ ಊಟದ ಮೇಜು ತುಂಬುವಷ್ಟು ದೊಡ್ಡದು. ಅದು 1831ರ ಕ್ರಯಪತ್ರ. ಪೆನ್ಸಿಲ್ವೇನಿಯಾದ ರಾಡ್ನರ್ ಎಂಬ ಊರಿನ ಜಮೀನಿನದು.

"ಇದನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಓದಿಲ್ಲ. ನಿನಗೆ ಜಮೀನಿನ ಕಾಗದ ಗೊತ್ತಲ್ವಾ, ನೋಡು" ಅಂದರು ಅತ್ತೆ.

ನಾನು ತಿಪಟೂರು ಕಡೆಯವಳು. ನಮ್ಮಜ್ಜ ಶಾನುಭೋಗರಾಗಿದ್ದರು. ಅಪ್ಪ ಹೋದ ಮೇಲೆ ತೆಂಗಿನ ತೋಟದ ಖಾತೆ ಬದಲಾಯಿಸಲು ನಾನೂ ತಮ್ಮನೂ ಎಷ್ಟು ಅಲೆದೆವು ಎಂಬುದು ಅತ್ತೆಗೆ ಗೊತ್ತಿತ್ತು. ಪಹಣಿ, ಮೂಲಪತ್ರ, ಚಕ್ಕುಬಂದಿ ಎಂಬ ಪದಗಳನ್ನು ನಾನು ಫೋನಿನಲ್ಲಿ ಕೂಗಿ ಹೇಳುವುದನ್ನು ಅವರು ವರ್ಷಗಟ್ಟಲೆ ಕೇಳಿಸಿಕೊಂಡಿದ್ದರು. ಅದಕ್ಕೇ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಓದಿ, ಅದರ ಹಿಂದಿನದನ್ನು ಹುಡುಕಿ, ಅತ್ತೆಯಿಂದ ಹಿಂದಕ್ಕೆ 9 ತಲೆಮಾರು ತಲುಪಲು 16 ತಿಂಗಳು ಬೇಕಾಯಿತು. ಕಳೆದ ತಿಂಗಳು ಮುಗಿಯಿತು. ಕೆಲಸ ಗೊತ್ತಿದ್ದರೆ ಇದರ ಅರ್ಧ ಸಮಯ ಸಾಕಿತ್ತು. ಇಲ್ಲಿ ಅಮೆರಿಕದಲ್ಲಿ ಮದುವೆಯಾಗಿ ನೆಲೆಸಿದ ನಮ್ಮವರು ಈಗ ಬಹಳ ಜನ ಇದ್ದಾರೆ. ಅವರ ಮಕ್ಕಳು ಒಂದು ದಿನ "ಆ ಕಡೆಯ ಅಜ್ಜಂದಿರು ಯಾರು" ಎಂದು ಕೇಳಿಯೇ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಮನೆಯವರ ಇಷ್ಟದಂತೆ ಮನೆತನದ ಹೆಸರನ್ನು ಮಾತ್ರ ಬರೆಯುತ್ತಿಲ್ಲ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕ್ರಯಪತ್ರವನ್ನು ಬದಿಗಿಟ್ಟು ಇಂಟರ್ನೆಟ್‌ನಲ್ಲಿ ಮನೆತನದ ಹೆಸರು ಹುಡುಕಿದೆ. ಬೇರೆಯವರು ಕಟ್ಟಿದ ವಂಶವೃಕ್ಷಗಳು ರಾಶಿ ಸಿಕ್ಕವು. ಎಲ್ಲದರಲ್ಲೂ ಒಂದೇ ಕಥೆ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದರು, ಆಧಾರ ಮಾತ್ರ ಯಾರೂ ಕೊಟ್ಟಿರಲಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ದಾಯಾದಿಗಳಿದ್ದರು, ವಯಸ್ಸಿನಲ್ಲೂ ಹೆಚ್ಚುಕಡಿಮೆ ಸಮ. ಎಲ್ಲರೂ ಅವರಿಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದರು. ಅದನ್ನೇ ನಂಬಿ ನಾನು ಮೂರು ತಿಂಗಳು ಕಳೆದೆ.

ಅತ್ತೆಯ ಹಿರಿಯರು ಕ್ವೇಕರರು, ಕ್ರೈಸ್ತರಲ್ಲೇ ಒಂದು ಪಂಗಡ. ಬೇರೆ ಕ್ರೈಸ್ತರ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಬಹುದು, ಸಮಾಧಿ ಕಲ್ಲು ಓದಬಹುದು. ಕ್ವೇಕರರಲ್ಲಿ ಎರಡೂ ಇಲ್ಲ. ಅವರಿಗೆ ಪಾದ್ರಿ ಇಲ್ಲ, ದೀಕ್ಷಾಸ್ನಾನವೂ ಇಲ್ಲ. ಒಂದು ಕೋಣೆಯಲ್ಲಿ ಎಲ್ಲರೂ ಸುಮ್ಮನೆ ಕೂತು, ಒಳಗಿನಿಂದ ಮಾತು ಬಂದವರು ಎದ್ದು ಮಾತಾಡುವುದು ಅವರ ಪ್ರಾರ್ಥನೆ. ಸಮಾಧಿಗೆ ಹೆಸರಿನ ಕಲ್ಲು ನಿಲ್ಲಿಸುವುದು ಜಂಬ ಎಂದು ಬಹಳ ಕಾಲ ಕಲ್ಲನ್ನೇ ಇಡುತ್ತಿರಲಿಲ್ಲ. ರಾಡ್ನರ್‌ನಲ್ಲಿ 1718ರ ಕಲ್ಲಿನ ಪ್ರಾರ್ಥನಾ ಮನೆ ಈಗಲೂ ಇದೆ. ಪಕ್ಕದಲ್ಲಿ ಸಮಾಧಿ ಜಾಗ. ಅತ್ತೆಯ ಹಿರಿಯರು ಅಲ್ಲೇ ಎಲ್ಲೋ ಮಲಗಿದ್ದಾರೆ. ಮೊದಲ ಸಲ ಅತ್ತೆಯನ್ನು ಕರೆದುಕೊಂಡು ಹೋದಾಗ ಅವರು ಹುಲ್ಲಿನ ಮೇಲೆ ನಿಂತು "ಎಲ್ಲಿ ನಮಸ್ಕಾರ ಮಾಡಲಿ ಅಂತಲೂ ಗೊತ್ತಾಗಲ್ಲ" ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆದರೆ ಕ್ವೇಕರರು ಕಾಗದದ ವಿಷಯದಲ್ಲಿ ಬಹಳ ಶಿಸ್ತಿನವರು. ತಿಂಗಳಿಗೊಮ್ಮೆ ಸೇರುವ ಸಭೆಗೆ ಮಂತ್ಲಿ ಮೀಟಿಂಗ್ ಅನ್ನುತ್ತಾರೆ. ಆ ಕಾಲದಲ್ಲಿ ಗಂಡಸರಿಗೆ ಒಂದು ಸಭೆ, ಹೆಂಗಸರಿಗೆ ಒಂದು ಇತ್ತು. ಎರಡಕ್ಕೂ ಬೇರೆ ಬೇರೆ ನಡಾವಳಿ ಪುಸ್ತಕ. ಜನನ, ಮರಣ, ಮದುವೆ, ಊರು ಬಿಟ್ಟು ಹೋಗುವವರಿಗೆ ಕೊಟ್ಟ ಪತ್ರ, ತಪ್ಪು ಮಾಡಿದವರ ವಿಚಾರಣೆ, ಎಲ್ಲಾ ಅದರಲ್ಲಿದೆ. ಮದುವೆಯಾಗುವವರು ಎರಡು ಸಲ ಸಭೆಯ ಮುಂದೆ ಬಂದು ಹೇಳಬೇಕಿತ್ತು. ಮದುವೆಯ ದಿನ ಅಲ್ಲಿದ್ದವರೆಲ್ಲ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ಸಹಿಗಳ ಪಟ್ಟಿ ಸಿಕ್ಕರೆ ಅರ್ಧ ನೆಂಟರಿಷ್ಟರು ಸಿಕ್ಕ ಹಾಗೆ.

ಇಲ್ಲಿ ಮೊದಲ ಗೊಂದಲ. ಆ ಪುಸ್ತಕಗಳು ಎಲ್ಲಿವೆ? 1827ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ಎರಡು ಹೋಳಾದರು, ಹಿಕ್ಸೈಟ್ ಮತ್ತು ಆರ್ಥೊಡಾಕ್ಸ್ ಎಂದು. ಮತ್ತೆ ಒಂದಾಗಿದ್ದು 1955ರಲ್ಲಿ. ಹಾಗಾಗಿ ಹಿಕ್ಸೈಟ್ ಕಡೆಯ ಪುಸ್ತಕಗಳು ಹೆಚ್ಚಾಗಿ ಸ್ವಾರ್ತ್‌ಮೋರ್ ಕಾಲೇಜಿನ ಫ್ರೆಂಡ್ಸ್ ಹಿಸ್ಟಾರಿಕಲ್ ಲೈಬ್ರರಿಯಲ್ಲಿವೆ, ಆರ್ಥೊಡಾಕ್ಸ್ ಕಡೆಯವು ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ. ಎರಡೂ ಫಿಲಡೆಲ್ಫಿಯಾ ಪಕ್ಕದಲ್ಲೇ ಇವೆ. ಹೋಗುವ ಮೊದಲು ನಿಮ್ಮವರು ಯಾವ ಕಡೆಗೆ ಹೋದರು ಎಂದು ತಿಳಿದುಕೊಳ್ಳಿ. ಇವುಗಳಲ್ಲಿ ಬಹಳಷ್ಟು ಸ್ಕ್ಯಾನ್ ಆಗಿ ಆನ್ಸೆಸ್ಟ್ರಿ ಎಂಬ ತಾಣದಲ್ಲಿವೆ. ಅದಕ್ಕೆ ಚಂದಾ ಕೊಡಬೇಕು. ಆದರೆ ಅಮೆರಿಕದ ಎಷ್ಟೋ ಊರ ಲೈಬ್ರರಿಗಳಲ್ಲಿ ಒಳಗೆ ಕೂತು ನೋಡಿದರೆ ಪುಕ್ಕಟೆ. ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ದುಡ್ಡು ಕಟ್ಟಿದೆ.

ನಡಾವಳಿಗಳಿಂದ ಹಿಂದಕ್ಕೆ ಹೋಗುತ್ತಾ 1757ರಲ್ಲಿ ತೀರಿಕೊಂಡ ಒಬ್ಬ ರೈತನವರೆಗೆ ಬಂದೆ. ಅಲ್ಲಿ ದಾರಿ ನಿಂತಿತು. ಅವನ ಅಪ್ಪ ಯಾರು? ಎಲ್ಲೂ ಇಲ್ಲ. ಅವನ ಮನೆತನದ ಹೆಸರಿನವರು ಅವನಿಗಿಂತ ಮುಂಚೆ ರಾಡ್ನರ್‌ನಲ್ಲಿ ಒಬ್ಬರೂ ಇರಲಿಲ್ಲ. ಆಕಾಶದಿಂದ ಬಿದ್ದವನ ಹಾಗೆ ಕಾಣಿಸುತ್ತಿದ್ದ. ಅಂತರ್ಜಾಲದ ವೃಕ್ಷಗಳು ಅವನಿಗೆ ಇಂಗ್ಲೆಂಡಿನ ಯಾರೋ ಒಬ್ಬನನ್ನು ಅಪ್ಪನನ್ನಾಗಿ ಅಂಟಿಸಿದ್ದವು.

ಆರನೇ ತಿಂಗಳಿನಲ್ಲಿ ಕೊನೆಗೂ ಆ ಕುರಿಚರ್ಮದ ಪತ್ರ ತೆಗೆದು ಕೂತೆ. ಅಕ್ಷರ ಕಷ್ಟವೇ. ಉದ್ದ ಎಸ್ ಅಕ್ಷರ ಎಫ್ ಥರ ಕಾಣುತ್ತದೆ, ಪದಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು ಗೆರೆ ಎಳೆದಿರುತ್ತಾರೆ. ನಮ್ಮಜ್ಜನ ಮೋಡಿ ಬರಹ ಓದುವಾಗ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ಅಕ್ಷರ ಓದಬೇಡ, ವಾಡಿಕೆ ಓದು. ಜಮೀನಿನ ಪತ್ರದಲ್ಲಿ ಮುಕ್ಕಾಲು ಪಾಲು ವಾಡಿಕೆಯ ಮಾತೇ ಇರುತ್ತದೆ. ಅದು ಬಾಯಿಗೆ ಬಂದರೆ ಉಳಿದ ಕಾಲು ಪಾಲು ಎದ್ದು ಕಾಣುತ್ತದೆ.

ಆ ಕಾಲು ಪಾಲಿನಲ್ಲಿ ಚಿನ್ನ ಇತ್ತು. ಪತ್ರದ ನಡುವೆ "ಈ ಜಮೀನು ಮಾರುವವನಿಗೆ ಹೇಗೆ ಬಂತು" ಎಂಬ ಕಥೆ ಬರೆದಿದ್ದರು. ಅವನ ಅಪ್ಪನ 1788ರ ವಿಲ್‌ನಿಂದ ಬಂತು. ಆ ಅಪ್ಪನಿಗೆ ಆರ್ಫನ್ಸ್ ಕೋರ್ಟಿನ, ಅಂದರೆ ಅಪ್ಪ ಸತ್ತ ಮಕ್ಕಳನ್ನು ನೋಡುವ ಕೋರ್ಟಿನ, ಪಾಲುಪಟ್ಟಿಯಿಂದ ಬಂತು. ಅವನ ಅಪ್ಪನಿಗೆ 1757ರ ವಿಲ್‌ನಿಂದ ಬಂತು. ನಮ್ಮ ಕ್ರಯಪತ್ರಗಳಲ್ಲೂ ಇದೇ ಅಲ್ವಾ, "ಸದರಿ ಸ್ವತ್ತು ನನಗೆ ಪಿತ್ರಾರ್ಜಿತವಾಗಿ ಬಂದು" ಅಂತ. ಮೂರು ತಿಂಗಳು ಕಂಪ್ಯೂಟರ್‌ನಲ್ಲಿ ಹುಡುಕಿದ್ದು ಮನೆಯ ಪೆಟ್ಟಿಗೆಯಲ್ಲೇ ಇತ್ತು. ನಿಮ್ಮ ಮನೆಯಲ್ಲಿ ಇಂಥ ಹಳೆಯ ಪತ್ರ ಇದ್ದರೆ ಮೊದಲು ಅದನ್ನೇ ಕೊನೆಯ ಸಾಲಿನವರೆಗೆ ಓದಿ.

ಮುಂದಿನ ತೊಡಕು ಯಾವ ಕಚೇರಿಗೆ ಹೋಗಬೇಕು ಎಂಬುದು. ಊರು ಇದ್ದಲ್ಲೇ ಇರುತ್ತದೆ, ಜಿಲ್ಲೆ ಬದಲಾಗುತ್ತದೆ. ರಾಡ್ನರ್ ಈಗ ಡೆಲವೇರ್ ಕೌಂಟಿಯಲ್ಲಿದೆ. ಆದರೆ ಆ ಕೌಂಟಿ ಹುಟ್ಟಿದ್ದೇ 1789ರಲ್ಲಿ. ಅದಕ್ಕೆ ಮುಂಚೆ ಅದು ಚೆಸ್ಟರ್ ಕೌಂಟಿ. ಹಾಗಾಗಿ 1831ರ ಪತ್ರ ಮೀಡಿಯಾ ಎಂಬ ಊರಿನ ಕಚೇರಿಯಲ್ಲಿ, 1788ರ ವಿಲ್ ವೆಸ್ಟ್ ಚೆಸ್ಟರ್‌ನ ಚೆಸ್ಟರ್ ಕೌಂಟಿ ಆರ್ಕೈವ್ಸ್‌ನಲ್ಲಿ. ಅಲ್ಲಿ ವಿಲ್‌ಗಳು 1714ರಿಂದ ಶುರುವಾಗುತ್ತವೆ. ಅದಕ್ಕಿಂತ ಹಿಂದಿನದು ಬೇಕಾದರೆ ಫಿಲಡೆಲ್ಫಿಯಾ. ಒಂದೇ ಹೊಲಕ್ಕೆ ಮೂರು ಕಚೇರಿ. ಹಳೇ ಮೈಸೂರಿನ ದಾಖಲೆ ಹುಡುಕಿದವರಿಗೆ ತಾಲ್ಲೂಕು ಬದಲಾದ ಕಷ್ಟ ಗೊತ್ತಿರುತ್ತದೆ, ಹಾಗೇ ಇದೂ.

ಒಂದು ಕಚೇರಿಗೆ ಅಂಚೆಯಲ್ಲಿ ದುಡ್ಡು ಕಳಿಸಿ ನಕಲು ಕೇಳಿದ್ದೆ. 11 ವಾರ ಕಾದೆ. ಬಂದಿದ್ದು ಅದೇ ಹೆಸರಿನ ಬೇರೆಯವನ ವಿಲ್. ಆ ದಿನ ನಿಜವಾಗಿ ಕಣ್ಣೀರು ಬಂತು. ಅತ್ತೆಗೆ ಹೇಳಲೂ ಇಲ್ಲ. ಆಮೇಲಿಂದ ಸಾಧ್ಯವಾದಲ್ಲೆಲ್ಲ ನಾನೇ ಹೋಗಿ ನೋಡಿದೆ. ಹೋಗುವ ಮೊದಲು ಸಮಯ ಕಾಯ್ದಿರಿಸಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ವಿಲ್ ಬರೆದುಕೊಂಡ ಪುಸ್ತಕ ತೋರಿಸಿದರೆ ಅಷ್ಟಕ್ಕೇ ಎದ್ದು ಬರಬೇಡಿ, ಆ ಮನುಷ್ಯನ ಪೂರ್ತಿ ಕಡತ ಕೇಳಿ. ಪುಸ್ತಕದಲ್ಲಿರುವುದು ಗುಮಾಸ್ತ ಮಾಡಿದ ನಕಲು. ಕಡತದಲ್ಲಿ ಮೂಲ ಕಾಗದ, ಮನೆ ಸಾಮಾನಿನ ಪಟ್ಟಿ, ಸಾಲದ ಚೀಟಿ ಎಲ್ಲ ಇರುತ್ತವೆ.

ಮನೆಯಲ್ಲೇ ಕೂತು ನೋಡಬೇಕೆಂದರೆ ಫ್ಯಾಮಿಲಿಸರ್ಚ್ ಎಂಬ ತಾಣ ಇದೆ. ಪುಕ್ಕಟೆ. 2024ರಿಂದ ಅದರಲ್ಲಿ ಅಮೆರಿಕದ ಹಳೆಯ ಜಮೀನು ಪತ್ರ ಮತ್ತು ವಿಲ್‌ಗಳ ಕೈಬರಹವನ್ನೇ ಯಂತ್ರ ಓದಿ ಹುಡುಕಿಕೊಡುತ್ತದೆ. ಮುಖ್ಯ ವ್ಯಕ್ತಿಯ ಹೆಸರಷ್ಟೇ ಅಲ್ಲ, ಸಾಕ್ಷಿ ಹಾಕಿದವನ ಹೆಸರು, ಪಕ್ಕದ ಹೊಲದವನ ಹೆಸರು ಕೂಡ ಸಿಗುತ್ತದೆ. ನನಗೆ ಇದರಿಂದ ತಿಂಗಳುಗಟ್ಟಲೆ ಸಮಯ ಉಳಿಯಿತು. ಯಂತ್ರ ತಪ್ಪಾಗಿ ಓದುವುದೂ ಉಂಟು, ಮೂಲ ಚಿತ್ರ ನೋಡದೆ ನಂಬಬೇಡಿ.

ಆರ್ಫನ್ಸ್ ಕೋರ್ಟ್ ಎಂಬ ಹೆಸರು ಕೇಳಿ "ನಮ್ಮವರು ಅನಾಥರಲ್ಲ" ಎಂದು ಬಿಟ್ಟುಬಿಡಬೇಡಿ. ಅಪ್ಪ ಸತ್ತರೆ ಸಾಕು, ಅಮ್ಮ ಬದುಕಿದ್ದರೂ ಮಕ್ಕಳನ್ನು ಆ ಕೋರ್ಟು ನೋಡುತ್ತಿತ್ತು. ನಮ್ಮ ಮನೆಯಲ್ಲಿ 1768ರಲ್ಲಿ ಒಬ್ಬ ವಿಲ್ ಬರೆಯದೆ ತೀರಿಕೊಂಡ. ಹಾಗಾದಾಗ ಪೆನ್ಸಿಲ್ವೇನಿಯಾದಲ್ಲಿ ಹಿರಿಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. 1794ರವರೆಗೂ ಇದೇ ಕಾನೂನು. ಹಿರಿಮಗ ಜಮೀನು ಒಡೆಯದೆ ತಾನೇ ಇಟ್ಟುಕೊಂಡು ತಮ್ಮ ತಂಗಿಯರಿಗೆ ದುಡ್ಡು ಕೊಟ್ಟ. ಆ ಒಂದು ಕಾಗದದಲ್ಲಿ ಅವನ ಆರು ಜನ ಒಡಹುಟ್ಟಿದವರ ಹೆಸರು, ತಂಗಿಯರ ಗಂಡಂದಿರ ಹೆಸರು ಎಲ್ಲ ಸಾಲಾಗಿ ಇದ್ದವು. ಒಂದೇ ಹೆಸರಿನ ಆ ಇಬ್ಬರು ದಾಯಾದಿಗಳೂ ಇಲ್ಲೇ ಬೇರೆಯಾದರು. ಒಬ್ಬನ ಹೊಲ ಡಾರ್ಬಿ ತೊರೆಯ ದಡದಲ್ಲಿ, ಅವನ ಹೆಂಡತಿಯ ಹೆಸರೇ ಬೇರೆ. ಗಂಡ ಜಮೀನು ಮಾರುವಾಗ ಹೆಂಡತಿಯೂ ತನ್ನ ಹಕ್ಕು ಬಿಟ್ಟು ಸಹಿ ಹಾಕುತ್ತಿದ್ದಳು. ಒಂದೇ ಹೆಸರಿನ ಗಂಡಸರನ್ನು ಬೇರೆ ಮಾಡಲು ಹೆಂಡತಿಯ ಸಹಿಗಿಂತ ಒಳ್ಳೆಯ ಗುರುತು ನನಗೆ ಸಿಗಲಿಲ್ಲ.

ಉಳಿದಿದ್ದು ಆಕಾಶದಿಂದ ಬಿದ್ದ ಆ ರೈತ. ಅವನಿಗೆ ಜಮೀನು ಎಲ್ಲಿಂದ ಬಂತು? ಅವನು ಕೊಂಡ ಪತ್ರ ಎಲ್ಲೂ ಇರಲಿಲ್ಲ. ಆಗ ಮೊದಲ ಅಳತೆಗೆ ಹೋದೆ.

ಎರಡನೇ ಚಾರ್ಲ್ಸ್ ರಾಜ 1681ರಲ್ಲಿ ವಿಲಿಯಂ ಪೆನ್‌ಗೆ ಈ ಪ್ರಾಂತ್ಯವನ್ನೇ ಬರೆದುಕೊಟ್ಟ. ಪೆನ್ ಸ್ವತಃ ಕ್ವೇಕರ್. 5,000 ಎಕರೆಗೆ 100 ಪೌಂಡಿನಂತೆ ತನ್ನವರಿಗೆ ಮಾರಿದ. ಮೇಲೆ ವರ್ಷಕ್ಕೆ 100 ಎಕರೆಗೆ 1 ಶಿಲಿಂಗ್ ಕಂದಾಯ. ಜಮೀನು ಬೇಕಾದವನಿಗೆ ಮೊದಲು ವಾರಂಟ್ ಎಂಬ ಆದೇಶ, ಆಮೇಲೆ ಸರ್ವೆ, ಕೊನೆಗೆ ಪೇಟೆಂಟ್ ಎಂಬ ಹಕ್ಕುಪತ್ರ. ಈ ಮೂರೂ ದಾಖಲೆಗಳು ಹ್ಯಾರಿಸ್‌ಬರ್ಗ್‌ನ ಪೆನ್ಸಿಲ್ವೇನಿಯಾ ಸ್ಟೇಟ್ ಆರ್ಕೈವ್ಸ್‌ನಲ್ಲಿವೆ. ವಾರಂಟ್ ಮತ್ತು ಸರ್ವೆ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಒಂದೇ ಜಮೀನಿಗೆ ವಾರಂಟ್ ಪಡೆದವನು ಒಬ್ಬ, ಪೇಟೆಂಟ್ ಪಡೆದವನು ಇನ್ನೊಬ್ಬ ಇರಬಹುದು, ನಡುವೆ ಮಾರಾಟ ಆಗಿರುತ್ತದೆ. ಎರಡನ್ನೂ ನೋಡಿ.

ಸರ್ವೆಯ ಭಾಷೆ ಕಂಡಾಗ ನನಗೆ ತವರು ಮನೆಗೆ ಬಂದ ಹಾಗಾಯಿತು. "ಬಿಳಿ ಓಕ್ ಮರದಿಂದ ಹೊರಟು, ಇಂಥವನ ಜಮೀನಿನ ಗಡಿ ಹಿಡಿದು, ಇಷ್ಟು ಪರ್ಚ್ ಹೋಗಿ, ಅಲ್ಲಿ ನೆಟ್ಟ ಕಲ್ಲಿನಿಂದ ತಿರುಗಿ…" ನಮ್ಮ ಚಕ್ಕುಬಂದಿಯೇ. ಒಂದು ಪರ್ಚ್ ಅಂದರೆ ಹದಿನಾರೂವರೆ ಅಡಿ. 160 ಚದರ ಪರ್ಚ್‌ಗೆ ಒಂದು ಎಕರೆ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. ಅಂದರೆ 4 ಚದರ ಪರ್ಚ್ ಸರಿಯಾಗಿ ಒಂದು ಗುಂಟೆ, 33 ಅಡಿಗೆ 33 ಅಡಿ. ಇದನ್ನು ಲೆಕ್ಕ ಹಾಕಿದ ರಾತ್ರಿ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಪರ್ಚ್ ಎಂಬ ಪದಕ್ಕೆ ಹೆದರುವ ನಮ್ಮವರು ಗುಂಟೆಯಲ್ಲಿ ಯೋಚಿಸಿದರೆ ಕಣ್ಣ ಮುಂದೆ ಹೊಲ ನಿಲ್ಲುತ್ತದೆ. ಅಂದಹಾಗೆ, ರಸ್ತೆಗೆಂದು ನೂರಕ್ಕೆ 6 ಎಕರೆ ಜಾಸ್ತಿ ಅಳೆದು ಕೊಡುತ್ತಿದ್ದರು, ಲೆಕ್ಕ ಹೊಂದದಿದ್ದರೆ ಅದನ್ನೂ ನೋಡಿ.

ಕೋನಮಾಪಕ, ಗ್ರಾಫ್ ಹಾಳೆ ತಂದು 1757ರ ವಿಲ್‌ನ ಹೊಲವನ್ನು ಬರೆದೆ. ಸುತ್ತಲಿನವರ ಸರ್ವೆಗಳನ್ನು ಒಂದೊಂದಾಗಿ ಅಂಟಿಸಿದೆ. ನಾಲ್ಕು ವಾರ ಊಟದ ಮೇಜಿನ ತುಂಬ ಹಾಳೆಗಳು. ನಡುವೆ ನಮ್ಮ ಹೊಲದ ಆಕಾರದ್ದೇ ಒಂದು ತುಂಡು ಉಳಿಯಿತು. ಆ ತುಂಡಿನ ಮೊದಲ ಒಡೆಯನ ಹೆಸರು ಪೂರ್ತಿ ಬೇರೆ. ಆದರೆ ಅವನ ಮೊದಲ ಹೆಸರು ನಮ್ಮ ರೈತನ ಕೊನೆಯ ಹೆಸರಾಗಿತ್ತು.

ನಾನು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತೆ. ಯಾಕೆಂದರೆ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗದಲ್ಲಿ ಇರುವುದು ನಮ್ಮಪ್ಪನ ಹೆಸರು. ಅಪ್ಪನದರಲ್ಲಿ ಅವರ ಅಪ್ಪನ ಹೆಸರು. ನಮಗೆ ಮನೆತನದ ಹೆಸರೇ ಇಲ್ಲ.

ರಾಡ್ನರ್, ಹ್ಯಾವರ್‌ಫರ್ಡ್, ಮೆರಿಯನ್ ಈ ಊರುಗಳನ್ನು ಕಟ್ಟಿದವರು ವೇಲ್ಸ್ ದೇಶದ ಕ್ವೇಕರರು. ಪೆನ್ ಅವರಿಗೆಂದು 40,000 ಎಕರೆ ಒಂದೇ ಕಡೆ ಕೊಡುವ ಮಾತು ಕೊಟ್ಟಿದ್ದ. ಮೊದಲ ಗುಂಪು ಲಯನ್ ಎಂಬ ಹಡಗಿನಲ್ಲಿ 1682ರ ಆಗಸ್ಟ್‌ನಲ್ಲಿ ಬಂದಿಳಿಯಿತು, ಪೆನ್ ಬರುವುದಕ್ಕೂ ಮುಂಚೆ. ಅವರಲ್ಲಿ ಆಗ ಹೆಸರಿನ ಕ್ರಮ ನಮ್ಮ ಹಾಗೇ: ತನ್ನ ಹೆಸರು, 'ಆಪ್' ಅಂದರೆ ಮಗ, ಆಮೇಲೆ ಅಪ್ಪನ ಹೆಸರು. ಆಪ್ ರಿಸ್ ಮುಂದೆ ಪ್ರೈಸ್ ಆಯಿತು, ಆಪ್ ಹ್ಯೂ ಪ್ಯೂ ಆಯಿತು, ಆಬ್ ಓವೆನ್ ಬೋವೆನ್ ಆಯಿತು. ಅಮೆರಿಕಕ್ಕೆ ಬಂದ ಒಂದೆರಡು ತಲೆಮಾರಿನಲ್ಲಿ ಹೆಸರು ಗಟ್ಟಿಯಾಗಿ ನಿಂತಿತು. ಅದಕ್ಕಿಂತ ಮುಂಚೆ ಅಪ್ಪನ ಕೊನೆಯ ಹೆಸರೇ ಬೇರೆ, ಮಗನದೇ ಬೇರೆ. ವೃಕ್ಷ ಕಟ್ಟಿದವರು ಒಂದೇ ಸರ್‌ನೇಮ್ ಹುಡುಕುತ್ತಾ ಕೂತಿದ್ದರು. ಹೆಸರು ಬದಲಾಗಿತ್ತು, ಹೊಲ ಬದಲಾಗಿರಲಿಲ್ಲ.

ಆ ಮೊದಲ ಒಡೆಯನ ಹೆಸರು ಹಿಡಿದು ಫಿಲಡೆಲ್ಫಿಯಾದ ವಿಲ್‌ಗಳಲ್ಲಿ ಹುಡುಕಿದೆ. ಸಿಕ್ಕಿತು. ವಿಲ್ ಬರೆದಿದ್ದು 1711ರ 12ನೇ ತಿಂಗಳು. ಅವನು ಸತ್ತ ಮೇಲೆ ಅದನ್ನು ರುಜುವಾತು ಮಾಡಿದ್ದು 1711ರ ಮಾರ್ಚ್. ಅಂದರೆ ಸತ್ತು ಒಂಬತ್ತು ತಿಂಗಳಾದ ಮೇಲೆ ವಿಲ್ ಬರೆದನೇ? ಎರಡು ವಾರ ಇದನ್ನು ಬೇರೆ ಯಾರದ್ದೋ ಎಂದು ಬದಿಗಿಟ್ಟಿದ್ದೆ.

ಇದು ಕ್ವೇಕರ್ ದಾಖಲೆ ಓದುವ ಎಲ್ಲರೂ ಎಡವುವ ಜಾಗ. ತಿಂಗಳ ಹೆಸರುಗಳಲ್ಲಿ ಹಳೆಯ ರೋಮನ್ ದೇವತೆಗಳ ಹೆಸರಿದೆ ಎಂದು ಕ್ವೇಕರರು ಬರೀ ಸಂಖ್ಯೆ ಬರೆಯುತ್ತಿದ್ದರು. 1752ಕ್ಕೆ ಮುಂಚೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಮೊದಲ ತಿಂಗಳು ಮಾರ್ಚ್, 12ನೇ ತಿಂಗಳು ಫೆಬ್ರವರಿ. ನಮಗೂ ಯುಗಾದಿ ಬರುವುದು ಆ ಹೊತ್ತಿಗೇ, ಫಾಲ್ಗುಣವೇ ಕೊನೆಯ ತಿಂಗಳು ಅಂದುಕೊಂಡರೆ ಮರೆಯುವುದಿಲ್ಲ. ಅವನು ವಿಲ್ ಬರೆದಿದ್ದು ನಮ್ಮ ಲೆಕ್ಕದ 1712ರ ಫೆಬ್ರವರಿ, ರುಜುವಾತು ಆಗಿದ್ದು ಮುಂದಿನ ತಿಂಗಳೇ. 1752ರಿಂದ ಮೊದಲ ತಿಂಗಳು ಅಂದರೆ ಜನವರಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ 14. ಯಾವ ದಿನಾಂಕವನ್ನೂ ತಿದ್ದಿ ಬರೆಯಬೇಡಿ. ಮೂಲದಲ್ಲಿ ಇದ್ದ ಹಾಗೆ ಬರೆದುಕೊಂಡು ಪಕ್ಕದಲ್ಲಿ ನಿಮ್ಮ ಲೆಕ್ಕ ಹಾಕಿ.

ಇನ್ನೊಂದು ಗುರುತು. ಕ್ವೇಕರರು ಆಣೆ ಇಡುವುದಿಲ್ಲ. ಸಾಕ್ಷಿಗಳು "ಪ್ರಮಾಣ ಮಾಡಿ" ಹೇಳಿದರು ಎಂಬ ಕಡೆ "ದೃಢೀಕರಿಸಿ" ಹೇಳಿದರು ಎಂದಿದ್ದರೆ ಅವರು ಹೆಚ್ಚಾಗಿ ಕ್ವೇಕರರು. ಈ ವಿಲ್‌ನ ಇಬ್ಬರು ಸಾಕ್ಷಿಗಳೂ ದೃಢೀಕರಿಸಿದ್ದರು. ಹೊಲವನ್ನು ಮಗನಿಗೆ ಬರೆದಿದ್ದ, ಆ ಮಗ ನಮ್ಮ ರೈತ. ಹೆಂಡತಿಗೆ ಮನೆಯ ಬೆಂಕಿಗೂಡಿನ ಪಕ್ಕದ ಕೋಣೆ, ವರ್ಷಪೂರ್ತಿ ಮೇವು ಹಾಕಿ ಸಾಕಿದ ಒಂದು ಹಸು, ಕಡಿದು ಬಾಗಿಲಿಗೆ ತಂದ ಸೌದೆ, ಪ್ರಾರ್ಥನೆಗೆ ಹೋಗಲು ಒಂದು ಕುದುರೆ. ಸಾಮಾನಿನ ಪಟ್ಟಿಯಲ್ಲಿ ಒಂದು ಹಳೆಯ ವೆಲ್ಷ್ ಬೈಬಲ್.

ಅತ್ತೆಗೆ ಅದನ್ನು ಓದಿ ಹೇಳಿದೆ. "ಸೌದೆ ಬಾಗಿಲಿಗೆ ತರಬೇಕು ಅಂತ ಬರೆದನಲ್ಲ, ಒಳ್ಳೆಯವನು" ಅಂದರು.

ಈಗ 1757ರ ಆ ಮಗನ ವಿಲ್ ವಿಷಯ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಅವನಿಗೆ ಒಬ್ಬಳು ಮಗಳಿದ್ದಳು. 1740ರ ದಶಕದ ಹೆಂಗಸರ ನಡಾವಳಿಯಲ್ಲಿ ಅವಳ ಹೆಸರು ಆರು ತಿಂಗಳು ಸತತವಾಗಿ ಬರುತ್ತದೆ. ಕ್ವೇಕರ್ ಅಲ್ಲದವನನ್ನು ಪಾದ್ರಿಯ ಮುಂದೆ ಮದುವೆಯಾಗಿದ್ದಳು. ಇಬ್ಬರು ಹೆಂಗಸರನ್ನು ಅವಳ ಮನೆಗೆ ಕಳಿಸಿದರು. ತಪ್ಪಾಯಿತೆಂದು ಬರೆದುಕೊಟ್ಟರೆ ಸೇರಿಸಿಕೊಳ್ಳುತ್ತಿದ್ದರು. ಅವಳು ಬರೆದುಕೊಡಲಿಲ್ಲ. ಕೊನೆಗೆ ಅವಳನ್ನು ಹೊರಗೆ ಹಾಕಿದರು. ಡಿಸೋನ್ ಎಂಬುದು ಅವರ ಪದ, ನಮ್ಮವಳಲ್ಲ ಅನ್ನುವುದು. ನಾನು ಲೈಬ್ರರಿಯಲ್ಲಿ ಆ ಪುಟ ಮುಚ್ಚಿ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನಾನು ಅತ್ತೆಯ ಮಗನನ್ನು ಮದುವೆಯಾದಾಗ ನಮ್ಮಪ್ಪ ಮೂರು ವರ್ಷ ನನ್ನ ಜೊತೆ ಮಾತಾಡಿರಲಿಲ್ಲ.

ಹೊರಹಾಕಿದ ಮಕ್ಕಳಿಗೆ ವಿಲ್‌ನಲ್ಲಿ 5 ಶಿಲಿಂಗ್ ಬಿಟ್ಟು ಕೈ ತೊಳೆದುಕೊಂಡರು ಎಂದು ಎಲ್ಲರೂ ಹೇಳುತ್ತಿದ್ದರು. ಅದು ಎಲ್ಲ ಕಡೆ ನಿಜ ಅಲ್ಲ. ಮದುವೆಯಲ್ಲೇ ಪಾಲು ಕೊಟ್ಟಿದ್ದರೂ ವಿಲ್‌ನಲ್ಲಿ ಹೆಸರಿಗೆ 5 ಶಿಲಿಂಗ್ ಇರುತ್ತದೆ. ಆದರೂ ಹೆದರಿಕೊಂಡೇ ಓದಿದೆ. ಅವನು ಮಗಳಿಗೆ ಉಳಿದ ಹೆಣ್ಣುಮಕ್ಕಳಷ್ಟೇ ದುಡ್ಡು, ಮೇಲೆ ಅವಳಮ್ಮನ ಮಂಚ ಹಾಸಿಗೆ ಬಿಟ್ಟಿದ್ದ. "ನನ್ನ ಪ್ರೀತಿಯ ಮಗಳು" ಎಂದೇ ಬರೆದಿದ್ದ. ಸಭೆ ಬಿಟ್ಟರೂ ಅಪ್ಪ ಬಿಟ್ಟಿರಲಿಲ್ಲ. ಬಹಳ ಹೊತ್ತು ಅಳುತ್ತಾ ಕೂತೆ.

ಅದೇ ಕಡತದಲ್ಲಿ ಸಾಮಾನಿನ ಪಟ್ಟಿ ಇತ್ತು. ಹಸು, ಕುರಿ, ಬೆಳೆದು ನಿಂತ ಗೋಧಿ, ನೇಗಿಲು. ಅವುಗಳ ನಡುವೆ ಒಂದು ಸಾಲು: ಒಬ್ಬ ನೀಗ್ರೋ ಹುಡುಗಿ. ಎದುರಿಗೆ ಬೆಲೆ, ಪೌಂಡುಗಳಲ್ಲಿ. ಹೆಸರಿಲ್ಲ.

ಕ್ವೇಕರರು ಗುಲಾಮಗಿರಿಯ ವಿರುದ್ಧ ನಿಂತವರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. 1688ರಲ್ಲೇ ಜರ್ಮನ್‌ಟೌನ್‌ನಲ್ಲಿ ಅದರ ವಿರುದ್ಧ ಪತ್ರ ಬರೆದವರೂ ಇದ್ದರು. ಆದರೆ ಗುಲಾಮರನ್ನು ಇಟ್ಟುಕೊಂಡವರು ಸಭೆಯಲ್ಲಿ ಇರುವಂತಿಲ್ಲ ಎಂದು ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಭೆ, ಫಿಲಡೆಲ್ಫಿಯಾ ಇಯರ್ಲಿ ಮೀಟಿಂಗ್, ತೀರ್ಮಾನಿಸಿದ್ದು 1776ರಲ್ಲಿ. ನಡುವೆ 88 ವರ್ಷ. ಮಗಳನ್ನು ಬಿಟ್ಟುಕೊಡದ ಅದೇ ಅಪ್ಪನ ಮನೆಯಲ್ಲಿ ಈ ಹುಡುಗಿ ಇದ್ದಳು. ಗಂಡ ಅಂದರು, "ಅಮ್ಮನಿಗೆ ಇದನ್ನು ಹೇಳಬೇಕಾ?" ಹೇಳಿದೆವು. ಅತ್ತೆ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದು "ಅವಳನ್ನೂ ಹುಡುಕು" ಅಂದರು. ನೀವು ವಿಲ್ ಓದಿ ಪಟ್ಟಿ ಓದದೆ ಬಿಟ್ಟರೆ ಇಂಥವರು ಕಾಣಿಸುವುದೇ ಇಲ್ಲ. ದಯವಿಟ್ಟು ಪಟ್ಟಿ ಓದಿ.

ವೇಲ್ಸ್‌ನ ಕೆಲಸ ಬೇಗ ಮುಗಿಯಿತು. ಹೊರಟು ಬಂದ ಕ್ವೇಕರರು ತಮ್ಮೂರಿನ ಸಭೆಯಿಂದ ಪತ್ರ ತರುತ್ತಿದ್ದರು. ರಾಡ್ನರ್ ಸಭೆಯ ಪುಸ್ತಕದಲ್ಲಿ ನಮ್ಮವನ ಪತ್ರ ಇತ್ತು, ಮೆರಿಯೊನೆತ್ ಸೀಮೆಯ ಪೆನ್‌ಲಿನ್‌ನಿಂದ, ಬಾಲಾ ಎಂಬ ಊರಿನ ಹತ್ತಿರ. ಫಿಲಡೆಲ್ಫಿಯಾ ಪಕ್ಕದಲ್ಲಿ ಬಾಲಾ ಕಿನ್‌ವಿಡ್ ಎಂಬ ಊರಿದೆ, ನಾನು ಎಷ್ಟೋ ವರ್ಷ ಅಲ್ಲಿಂದ ರೈಲು ಹತ್ತಿದ್ದೇನೆ. ಆ ಹೆಸರೂ ಅಲ್ಲಿಯದೇ. 1858ಕ್ಕೆ ಮುಂಚಿನ ವೇಲ್ಸ್‌ನ ವಿಲ್‌ಗಳು ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಸುಮಾರು 1,90,000. ಎಲ್ಲವನ್ನೂ ಮನೆಯಿಂದಲೇ ಪುಕ್ಕಟೆ ನೋಡಬಹುದು. ಆಗ ವಿಲ್ ನೋಡುತ್ತಿದ್ದದ್ದು ಚರ್ಚಿನ ಕೋರ್ಟು. ಪೆನ್‌ಲಿನ್ ಬರುವುದು ಸೇಂಟ್ ಅಸಾಫ್ ಬಿಷಪ್ಪರ ಕೆಳಗೆ, ಅದೇ ಸೀಮೆಯ ಡೊಲ್ಗೆಲ್ಲೈ ಕಡೆಯದು ಬ್ಯಾಂಗರ್ ಕೆಳಗೆ. ಇದು ತಿಳಿಯದೆ ಒಂದು ವಾರ ಹೋಯಿತು. ಅಪ್ಪನ ವಿಲ್ ಸಿಕ್ಕಿತು. ಸಮುದ್ರದಾಚೆ ಇರುವ ಮಗನಿಗೆ, ಬಂದು ಕೇಳಿದರೆ, ಒಂದು ಹಸು ಎಂದು ಬರೆದಿದ್ದ.

ಖರ್ಚು ಕೇಳುವವರಿಗೆ: ಚಂದಾ, ನಕಲು, ಪೆಟ್ರೋಲ್, ಪಾರ್ಕಿಂಗ್ ಎಲ್ಲ ಸೇರಿ ನನಗೆ 430 ಡಾಲರ್ ಆಯಿತು. ಅದರಲ್ಲಿ ಮೊದಲ ಮೂರು ತಿಂಗಳಿನದು ಪೂರ್ತಿ ದಂಡ.

ಆ ಹುಡುಗಿಯನ್ನು ಹುಡುಕುವುದು ಈಗ ಶುರುವಾಗಿದೆ. 1776ರ ಆಸುಪಾಸಿನಲ್ಲಿ ಕ್ವೇಕರರು ಗುಲಾಮರನ್ನು ಬಿಡುಗಡೆ ಮಾಡಿದಾಗ ಬರೆದುಕೊಟ್ಟ ಪತ್ರಗಳ ದೊಡ್ಡ ಸಂಗ್ರಹ ಹ್ಯಾವರ್‌ಫರ್ಡ್ ಕಾಲೇಜಿನಲ್ಲಿದೆ. ಅವುಗಳಲ್ಲಿ ಬಿಡುಗಡೆಯಾದವರ ಹೆಸರೂ ವಯಸ್ಸೂ ಇರುತ್ತದೆ. ಅವಳು ಬದುಕಿದ್ದರೆ ಆಗ ಮೂವತ್ತರ ಆಸುಪಾಸು ಇರುತ್ತಿತ್ತು. ಮೊಮ್ಮಗ ಅವಳನ್ನು ಬಿಡಿಸಿದನೋ, ಮಾರಿದರೋ ನೋಡಬೇಕು. ಮುಂದಿನ ಮಂಗಳವಾರ ಹತ್ತು ಗಂಟೆಗೆ ನನ್ನ ಸಮಯ ಇದೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಅವರಿಗೂ ಒಂದು ಪೆನ್ಸಿಲ್ ತೆಗೆದಿಟ್ಟಿದ್ದೇನೆ.